ಒಂದು ‘ತನಕ’ಕ್ಕಾಗಿ ಬಾಲಿಯಲ್ಲಿ

2013ರ ಡಿಸೆಂಬರ್. ಇಂಡೋನೇಷ್ಯಾದ ಬಾಲಿಯಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಸಚಿವರ ಸಮ್ಮೇಳನ. ನಾನು ಭಾರತದ ನಿಯೋಗದಲ್ಲಿ ಕಿರಿಯ ಅಧಿಕಾರಿ. ಒಪ್ಪಂದದ ಹೊಸ ಕರಡು ಬಂದಾಗಲೆಲ್ಲ ಹಳೆಯದರ ಪಕ್ಕ ಇಟ್ಟು, ಯಾವ ಪದ ಬದಲಾಗಿದೆ ಅಂತ ಗುರುತು ಹಾಕುವುದು ನನ್ನ ಕೆಲಸ.

ಒಪ್ಪಿಗೆಯಾಗದ ಪದಗಳನ್ನು ಕರಡಿನಲ್ಲಿ ಚೌಕ ಕಂಸದೊಳಗೆ ಇಡುತ್ತಾರೆ. ಕಂಸ ಬಿದ್ದುಹೋದರೆ ಒಪ್ಪಂದ, ಉಳಿದರೆ ಜಗಳ. ಮೊದಲ ದಿನ ಕಂಸಗಳನ್ನಷ್ಟೇ ನೋಡಿಕೊಂಡು ಹೋದೆ. ಕಂಸದ ಹೊರಗೇ ಒಂದು ಪದ ಬದಲಾಗಿತ್ತು, ನನಗೆ ಕಾಣಲಿಲ್ಲ. ಹಿರಿಯ ಅಧಿಕಾರಿ ಪಕ್ಕಕ್ಕೆ ಕರೆದು, “ಬಾಯಿಬಿಟ್ಟು ಓದಪ್ಪಾ” ಅಂದರು. ಆಮೇಲೆ ಪ್ರತಿ ಕರಡನ್ನೂ ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದೆ. ಕಣ್ಣಿಗೆ ತಪ್ಪಿದ್ದು ಕಿವಿಗೆ ಸಿಗುತ್ತದೆ.

ನಮ್ಮ ಪಟ್ಟು ಇಷ್ಟೇ. ಸರ್ಕಾರ ಬೆಂಬಲ ಬೆಲೆಗೆ ಭತ್ತ, ಗೋಧಿ ಕೊಂಡು ರೇಷನ್ ಅಂಗಡಿಗೆ ಕೊಡುತ್ತದಲ್ಲ, ಆ ಸಬ್ಸಿಡಿ ಬೆಳೆಯ ಒಟ್ಟು ಮೌಲ್ಯದ ಶೇ. 10 ದಾಟಬಾರದು ಅನ್ನುವುದು ಸಂಸ್ಥೆಯ ನಿಯಮ. ಲೆಕ್ಕಕ್ಕೆ ಹಿಡಿಯುವುದು 1986–88ರ ಬೆಲೆ! ಇದು ಅನ್ಯಾಯ ಅಲ್ವಾ? ಮಿತಿ ದಾಟಿದರೂ ನಾಲ್ಕು ವರ್ಷ ಯಾವ ದೇಶವೂ ದಾವೆ ಹೂಡುವುದಿಲ್ಲ ಅನ್ನುವ ಮಾತು ಮುಂದೆ ಬಂದಿತ್ತು. ಶಾಶ್ವತ ಪರಿಹಾರ ಸಿಗುವ ತನಕ ಹೂಡಬಾರದು ಅಂತ ನಾವು ಕೂತೆವು.

ಸಂಸ್ಥೆಯ ಆಗಿನ ಮಹಾನಿರ್ದೇಶಕರು (ಡಿಜಿ) ಬ್ರೆಜಿಲ್‌ನ ರೊಬರ್ಟೊ ಅಜೆವೆಡೊ. ಎಂಜಿನಿಯರಿಂಗ್ ಓದಿ, 1984ರಲ್ಲಿ ವಿದೇಶಾಂಗ ಸೇವೆ ಸೇರಿದವರು. ಅಮೆರಿಕದ ಹತ್ತಿ ಸಬ್ಸಿಡಿ ವಿರುದ್ಧ ಬ್ರೆಜಿಲ್ ಹೂಡಿದ ದಾವೆಯಲ್ಲಿ ದುಡಿದವರು. ಡಿಜಿ ಆಗಿ ಆಗಿನ್ನೂ ಮೂರು ತಿಂಗಳು. ಹೊರಗಿನವರಿಗೆ ದೊಡ್ಡ ಕುರ್ಚಿ. ಆದರೆ ಅವರಿಗೆ ಮತವಿಲ್ಲ, ಆಜ್ಞೆ ಮಾಡುವ ಹಾಗಿಲ್ಲ. ಆಗಿದ್ದ 159 ಸದಸ್ಯರಲ್ಲಿ ಒಬ್ಬರು ‘ಬೇಡ’ ಅಂದರೂ ಮುಗಿಯಿತು. ತೀರ್ಪು ಹೇಳುವ ಹಕ್ಕಿಲ್ಲದ ಪಂಚಾಯಿತಿ ಹಿರಿಯನ ಹಾಗೆ, ಒಬ್ಬೊಬ್ಬರನ್ನೇ ಕರೆದು ಕೂರಿಸಿ ಮಾತಾಡುವುದೇ ಅವರ ಕೆಲಸ. ಒಂದು ಕಾಲಕ್ಕೆ ಬ್ರೆಜಿಲ್ ರಾಯಭಾರಿಯಾಗಿ ಎದುರು ಕುರ್ಚಿಯಲ್ಲಿ ಕೂತು ವಾದಿಸಿದವರಾದ್ದರಿಂದಲೇ ಅದು ಅವರಿಗೆ ಒಲಿಯಿತು ಅಂತ ನನ್ನ ನಂಬಿಕೆ.

ಭಾರತದ ಮಾತು ಬಗೆಹರಿಯಿತು ಅನ್ನುವಾಗ ಕ್ಯೂಬಾ ಮತ್ತು ಇನ್ನು ಮೂರು ದೇಶ ತಡೆದವು. ಕ್ಯೂಬಾ ಮೇಲೆ ಅಮೆರಿಕ ಹೇರಿದ ದಿಗ್ಬಂಧನದ ಪ್ರಸ್ತಾಪ ಕರಡಿನಿಂದ ಬಿಟ್ಟುಹೋಗಿತ್ತು. ರಾತ್ರಿಯಿಡೀ ಮತ್ತೆ ಮಾತುಕತೆ. 7ರಂದು ಒಪ್ಪಂದವಾಯಿತು. 1995ರಲ್ಲಿ ಸಂಸ್ಥೆ ಹುಟ್ಟಿದ ಮೇಲೆ ಎಲ್ಲ ಸದಸ್ಯರೂ ಕೂಡಿ ಮಾಡಿಕೊಂಡ ಮೊದಲ ದೊಡ್ಡ ಒಪ್ಪಂದ. ಸಮಾರೋಪದಲ್ಲಿ ಹೆಂಡತಿಗೆ ಥ್ಯಾಂಕ್ಸ್ ಹೇಳುವಾಗ ಅಜೆವೆಡೊ ಅತ್ತುಬಿಟ್ಟರು.

ನಾನು ಕೊನೆಯ ಪ್ರತಿಯನ್ನೂ ಗಟ್ಟಿಯಾಗಿ ಓದಿದೆ. ‘ತನಕ’ ಇತ್ತು, ಕಂಸವಿಲ್ಲದೆ. ಅನುಮಾನಕ್ಕೆ ಎಡೆಯಿಲ್ಲದ ಹಾಗೆ ಅದು ಗಟ್ಟಿಯಾಗಿದ್ದು ಮಾತ್ರ 2014ರ ನವೆಂಬರ್‌ನಲ್ಲಿ, ಜಿನೀವಾದಲ್ಲಿ. 2018–19ರಲ್ಲಿ ನಮ್ಮ ಅಕ್ಕಿಯ ಸಬ್ಸಿಡಿ ಶೇ. 10 ದಾಟಿದಾಗ ಭಾರತ ಮುಂದಿಟ್ಟಿದ್ದು ಆ ಸಾಲನ್ನೇ.