ಅಕ್ಷರಾರ್ಥವೋ, ಲಾಕ್ಷಣಿಕಾರ್ಥವೋ: ಉಪನಿಷತ್ತಿನ ಪಾಠದಲ್ಲಿ ನಾನು ಹಿಡಿದ ದಾರಿ

ಮೈಸೂರಿನ ನಮ್ಮ ಬಡಾವಣೆಯಲ್ಲಿ ವಾರಕ್ಕೊಮ್ಮೆ ಉಪನಿಷತ್ತಿನ ಪಾಠ ಹೇಳುವ ಕೆಲಸವನ್ನು ಬಹುಕಾಲದಿಂದ ಮಾಡಿಕೊಂಡು ಬಂದಿದ್ದೇನೆ. ಕೇಳಲು ಬರುವವರಲ್ಲಿ ನಿವೃತ್ತ ಶಿಕ್ಷಕರಿದ್ದಾರೆ, ಬ್ಯಾಂಕಿನ ನೌಕರರಿದ್ದಾರೆ, ಮನೆವಾರ್ತೆ ನೋಡಿಕೊಂಡು ಬಿಡುವು ಮಾಡಿಕೊಂಡು ಬರುವ ತಾಯಂದಿರಿದ್ದಾರೆ, ಇಂಜಿನಿಯರಿಂಗ್ ಓದುವ ಹುಡುಗರೂ ಇದ್ದಾರೆ. ಇವರೆಲ್ಲರೂ ಒಂದಲ್ಲ ಒಂದು ದಿನ ಕೇಳಿಯೇ ಕೇಳುವ ಪ್ರಶ್ನೆ ಒಂದಿದೆ: "ಗುರುಗಳೇ, ಇದನ್ನು ಹೇಳಿದ ಹಾಗೇ ನಂಬಬೇಕೋ, ಇದಕ್ಕೆ ಒಳಗೆ ಬೇರೆ ಅರ್ಥವಿದೆಯೋ?"

ಈ ಪ್ರಶ್ನೆಗೆ ಎರಡು ಸುಲಭದ ಉತ್ತರಗಳಿವೆ. ಶಾಸ್ತ್ರದಲ್ಲಿ ಬಂದದ್ದೆಲ್ಲವೂ ಅಕ್ಷರಶಃ ನಡೆದದ್ದೇ ಎಂಬುದು ಒಂದು. ಎಲ್ಲವೂ ಸಂಕೇತ, ಎಲ್ಲಕ್ಕೂ ಆಧ್ಯಾತ್ಮಿಕ ಅರ್ಥವಿದೆ ಎಂಬುದು ಇನ್ನೊಂದು. ಮೊದಲನೆಯದನ್ನು ಹೇಳಿಸುವುದು ಹೆಚ್ಚಾಗಿ ಭಯ, ಎರಡನೆಯದನ್ನು ಹೇಳಿಸುವುದು ಹೆಚ್ಚಾಗಿ ಸಂಕೋಚ. ಎರಡರಲ್ಲಿಯೂ ಗ್ರಂಥ ಏನು ಹೇಳಹೊರಟಿದೆ ಎಂದು ಗ್ರಂಥವನ್ನೇ ಕೇಳುವ ತಾಳ್ಮೆಯಿಲ್ಲ. ಪಾಠಶಾಲೆಯಲ್ಲಿ ವೇದವಾಕ್ಯಗಳ ಅರ್ಥವನ್ನು ನಿರ್ಣಯಿಸುವ ಶಾಸ್ತ್ರವಾದ ಮೀಮಾಂಸೆಯನ್ನು ಕಲಿತದ್ದರಿಂದ ನನಗೆ ದೊರೆತ ಮುಖ್ಯ ಲಾಭವೆಂದರೆ, ಈ ನಿರ್ಣಯವನ್ನು ನನ್ನ ರುಚಿಗೆ ಬಿಡದೆ ನಿಯಮಕ್ಕೆ ಒಪ್ಪಿಸುವ ಅಭ್ಯಾಸ.

ನಿಯಮದ ಮೊದಲ ಭಾಗ ಸರಳ. ಪದದ ಮುಖ್ಯಾರ್ಥ, ಎಂದರೆ ನೇರವಾದ ಅರ್ಥ, ಹೊಂದುವಷ್ಟು ಕಾಲ ಲಕ್ಷಣೆಗೆ, ಎಂದರೆ ಅದಕ್ಕೆ ಸಂಬಂಧಿಸಿದ ಬೇರೆ ಅರ್ಥವನ್ನು ಹಿಡಿಯುವುದಕ್ಕೆ, ಹೋಗಬಾರದು. ಮುಖ್ಯಾರ್ಥಕ್ಕೆ ಬಾಧೆ ಬಂದಾಗ, ಅಥವಾ ಅದರಿಂದ ವಾಕ್ಯದ ತಾತ್ಪರ್ಯವೇ ಕೂಡಿಬರದೆ ಹೋದಾಗ ಮಾತ್ರ ಲಕ್ಷಣೆ. ಅಲಂಕಾರಶಾಸ್ತ್ರದವರು ಕೊಡುವ "ಗಂಗೆಯಲ್ಲಿ ಗೊಲ್ಲರ ಹಟ್ಟಿ" ಎಂಬ ಉದಾಹರಣೆ ಎಲ್ಲರಿಗೂ ಗೊತ್ತು. ಹರಿಯುವ ನೀರಿನ ಮೇಲೆ ಹಟ್ಟಿ ನಿಲ್ಲಲಾರದು, ಆದುದರಿಂದ ಗಂಗೆಯ ದಡ ಎಂದು ತಿಳಿಯುತ್ತೇವೆ. ಅಲ್ಲಿಯೂ ನಾವು ಹೋಗುವುದು ದಡಕ್ಕೆ ಮಾತ್ರ, ಹಿಮಾಲಯಕ್ಕಲ್ಲ. ಲಾಕ್ಷಣಿಕಾರ್ಥ ಮುಖ್ಯಾರ್ಥಕ್ಕೆ ಅಂಟಿಕೊಂಡಿರಬೇಕೆಂಬ ಈ ಎರಡನೆಯ ಅರ್ಧವನ್ನು ಪ್ರವಚನಕಾರರು ಬಹಳಷ್ಟು ಸಲ ಬಿಟ್ಟುಬಿಡುತ್ತಾರೆ.

ಕಠೋಪನಿಷತ್ತಿನ ಪಾಠದಲ್ಲಿ ಇದು ಚೆನ್ನಾಗಿ ಪರೀಕ್ಷೆಗೆ ಒಳಗಾಗುತ್ತದೆ. ನಚಿಕೇತ ಯಮನ ಮನೆಯಲ್ಲಿ ಮೂರು ರಾತ್ರಿ ಉಪವಾಸವಿದ್ದ ಎಂಬ ಮಾತು ಬಂದೊಡನೆ, ಮೂರು ರಾತ್ರಿ ಎಂದರೆ ಜಾಗ್ರತ್, ಸ್ವಪ್ನ, ಸುಷುಪ್ತಿ (ಎಚ್ಚರ, ಕನಸು, ಗಾಢನಿದ್ರೆ) ಎಂಬ ಮೂರು ಅವಸ್ಥೆಗಳು ಎಂದು ಯಾರಾದರೂ ಹೇಳುತ್ತಾರೆ. ಮೂರು ಶರೀರಗಳು ಎನ್ನುವವರೂ ಇದ್ದಾರೆ. ಕೇಳಲು ಸೊಗಸಾಗಿಯೇ ಇದೆ. ನಾನು ಅವರನ್ನು ಕೇಳುವುದು ಇಷ್ಟೇ: ಇದಕ್ಕೆ ಗ್ರಂಥದಲ್ಲಿ ಸೂಚನೆ ಎಲ್ಲಿದೆ? ಗ್ರಂಥ ಆ ಮೂರು ರಾತ್ರಿಗಳಿಂದ ಮಾಡುವ ಕೆಲಸ ಬೇರೆ. ಅತಿಥಿ ಊಟವಿಲ್ಲದೆ ಮನೆಯಲ್ಲಿ ಉಳಿದರೆ ಮನೆಯವನ ಪುಣ್ಯವೆಲ್ಲ ಹೋಗುತ್ತದೆಂದು ಯಮನಿಗೆ ಎಚ್ಚರಿಕೆ ಬರುತ್ತದೆ, ಅವನು ಕ್ಷಮೆ ಕೋರಿ ರಾತ್ರಿಗೊಂದರಂತೆ ಮೂರು ವರ ಕೊಡುತ್ತಾನೆ. ಮೃತ್ಯುದೇವತೆ ಒಬ್ಬ ಹುಡುಗನ ಮುಂದೆ ಗೃಹಸ್ಥನಾಗಿ ತಲೆತಗ್ಗಿಸುವ ಈ ಚಿತ್ರ, ರಾತ್ರಿಗಳನ್ನು ಅವಸ್ಥೆಗಳನ್ನಾಗಿ ಮಾಡಿದ ಕ್ಷಣವೇ ಅಳಿಸಿಹೋಗುತ್ತದೆ. ಅದೇ ಉಪನಿಷತ್ತಿನ ಮೂರನೆಯ ವಲ್ಲಿಯಲ್ಲಿ ರಥದ ಪ್ರಸಂಗ ಬರುತ್ತದೆ. ಆತ್ಮ ರಥಿಕ, ಶರೀರ ರಥ, ಬುದ್ಧಿ ಸಾರಥಿ, ಮನಸ್ಸು ಕಡಿವಾಣ, ಇಂದ್ರಿಯಗಳು ಕುದುರೆಗಳು, ವಿಷಯಗಳು ಅವು ಓಡುವ ದಾರಿ ಎಂದು ಯಮನೇ ಒಂದೊಂದನ್ನೂ ಬಿಡಿಸಿ ಹೇಳುತ್ತಾನೆ. ಇಲ್ಲಿ ರೂಪಕವನ್ನು ನಾವು ತಂದು ಹಾಕಬೇಕಾಗಿಲ್ಲ. ರೂಪಕವೆಂದು ಓದುವುದೇ ಇಲ್ಲಿ ಅಕ್ಷರಕ್ಕೆ ನಿಷ್ಠೆ. ಈ ಎರಡು ಭಾಗಗಳನ್ನು ಒಂದೇ ದಿನ ಅಕ್ಕಪಕ್ಕದಲ್ಲಿಟ್ಟು ಓದಿಸುವುದು ನನ್ನ ರೂಢಿ, ಏಕೆಂದರೆ ಮುಂದಿನ ಚರ್ಚೆಗಳಿಗೆಲ್ಲ ಅದೇ ಅಳತೆಗೋಲಾಗುತ್ತದೆ.

ಕಥೆಗಳ ವಿಷಯದಲ್ಲಿ ಮೀಮಾಂಸಕರ ಅರ್ಥವಾದವಿಚಾರ, ಎಂದರೆ ವಿಧಿಸಿದ್ದನ್ನು ಹೊಗಳಲು ಅಥವಾ ನಿಷೇಧಿಸಿದ್ದನ್ನು ತೆಗಳಲು ಬರುವ ವೇದವಾಕ್ಯಗಳ ಚರ್ಚೆ, ನನಗೆ ತುಂಬ ನೆರವಾಗಿದೆ. ತೈತ್ತಿರೀಯ ಸಂಹಿತೆಯಲ್ಲಿ ಒಂದು ಪ್ರಸಂಗವಿದೆ. ದೇವತೆಗಳು ಅಸುರರೊಡನೆ ಯುದ್ಧಕ್ಕೆ ಹೋಗುವಾಗ ತಮ್ಮ ಸಂಪತ್ತನ್ನು ಅಗ್ನಿಯಲ್ಲಿ ಇಟ್ಟು ಹೋಗುತ್ತಾರೆ. ಅವನು ಅದಕ್ಕೆ ಆಸೆಪಟ್ಟು ಓಡಿಹೋಗುತ್ತಾನೆ. ಅವರು ಬೆನ್ನಟ್ಟಿ ಬಲವಂತದಿಂದ ಕಿತ್ತುಕೊಳ್ಳಹೊರಟಾಗ ಅವನು ಅಳುತ್ತಾನೆ, ಅವನ ಕಣ್ಣೀರು ಬೆಳ್ಳಿಯಾಗುತ್ತದೆ. ಬೆಳ್ಳಿಯ ಹುಟ್ಟು ಹೀಗೆಯೇ ಆಯಿತೇ ಎಂದು ರಸಾಯನಶಾಸ್ತ್ರ ಓದಿದ ಹುಡುಗ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಆದರೆ ವಾಕ್ಯ ಅಲ್ಲಿಗೆ ನಿಲ್ಲುವುದಿಲ್ಲ. ಯಜ್ಞದ ದರ್ಭೆಯ ಮೇಲೆ ಬೆಳ್ಳಿಯನ್ನು ದಕ್ಷಿಣೆಯಾಗಿ ಕೊಡಕೂಡದು, ಕೊಟ್ಟರೆ ವರ್ಷದೊಳಗೆ ಆ ಮನೆಯಲ್ಲಿ ಅಳು ಕೇಳಿಸುತ್ತದೆ ಎಂಬ ನಿಷೇಧದಲ್ಲಿ ಅದು ಮುಗಿಯುತ್ತದೆ. ಮೀಮಾಂಸೆಯ ಮೂಲಗ್ರಂಥವಾದ ಜೈಮಿನಿ ಸೂತ್ರಗಳ ಮೊದಲ ಅಧ್ಯಾಯದ ಎರಡನೆಯ ಪಾದದಲ್ಲಿ ಇಂಥ ವಾಕ್ಯಗಳ ಪ್ರಾಮಾಣ್ಯದ ಪ್ರಶ್ನೆಯೇ ಎದ್ದಿದೆ. ಇವು ವಿಧಿನಿಷೇಧಗಳ ಜೊತೆ ಒಂದೇ ವಾಕ್ಯವಾಗಿ ಸೇರಿ ಅವುಗಳ ಸ್ತುತಿ ಅಥವಾ ನಿಂದೆಗಾಗಿ ನಿಲ್ಲುತ್ತವೆ ಎಂಬುದು ಅಲ್ಲಿನ ಸಿದ್ಧಾಂತ. ವೇದ ಪ್ರಮಾಣವೆಂದು ಪ್ರಾಣ ಕೊಟ್ಟು ವಾದಿಸಿದವರೇ, ವೇದದ ಪ್ರತಿಯೊಂದು ಕಥೆಯೂ ಇತಿಹಾಸದ ವರದಿಯಾಗಬೇಕಿಲ್ಲ ಎಂದು ನಿರ್ಭಯವಾಗಿ ಹೇಳಿದರು. ಇದು ಇಂದಿನ ವಿಜ್ಞಾನಕ್ಕೆ ಹೆದರಿ ಕಟ್ಟಿದ ಸಮಾಧಾನವಲ್ಲ ಎಂಬುದನ್ನು ನಾನು ಹುಡುಗರಿಗೆ ಒತ್ತಿ ಹೇಳುತ್ತೇನೆ.

ಹಾಗೆಂದು ಅರ್ಥವಾದಗಳನ್ನೆಲ್ಲ ಒಂದೇ ಮೂಟೆಗೆ ಕಟ್ಟಲಾಗದು. ಪರಂಪರೆ ಅದರಲ್ಲಿ ಮೂರು ಬಗೆಗಳನ್ನು ಗುರುತಿಸಿದೆ. "ಯೂಪಸ್ತಂಭವೇ (ಯಜ್ಞಪಶುವನ್ನು ಕಟ್ಟುವ ಕಂಬವೇ) ಸೂರ್ಯ" ಎಂಬಲ್ಲಿ ಕಣ್ಣಿಗೆ ಕಾಣುವುದಕ್ಕೆ ವಿರೋಧವಿರುವುದರಿಂದ ಅದು ಗುಣವಾದ. ತುಪ್ಪ ಸವರಿದ ಕಂಬದ ಹೊಳಪು ಆ ಮಾತನ್ನು ಆಡಿಸಿದೆ. "ಬೆಂಕಿ ಚಳಿಗೆ ಮದ್ದು" ಎಂಬುದು ಲೋಕಕ್ಕೆ ಗೊತ್ತಿರುವುದನ್ನೇ ಹೇಳುವ ಅನುವಾದ. ಇಂದ್ರ ವೃತ್ರನ ಮೇಲೆ ವಜ್ರವನ್ನೆತ್ತಿದ ಎಂಬುದು ವಿರೋಧವೂ ಇಲ್ಲದ, ಬೇರೆ ಕಡೆಯಿಂದ ತಿಳಿಯಲೂ ಆಗದ ಭೂತಾರ್ಥವಾದ. ಈ ಮೂರನೆಯದನ್ನು ಹಾಗೆಯೇ ಸ್ವೀಕರಿಸಲು ವೇದಾಂತಿಗಳಿಗೆ ಅಡ್ಡಿಯಿಲ್ಲ. ದೇವತೆಗಳಿಗೆ ರೂಪವಿದೆಯೆಂದು ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದ ದೇವತಾಧಿಕರಣದಲ್ಲಿ ಸಾಧಿಸುವಾಗ ಮಂತ್ರ ಮತ್ತು ಅರ್ಥವಾದಗಳನ್ನೇ ಆಧಾರವಾಗಿ ಹಿಡಿಯುತ್ತಾರೆ. ಅದೇ ಆಚಾರ್ಯರು ಗೀತಾಭಾಷ್ಯದ ಕೊನೆಯ ಅಧ್ಯಾಯದಲ್ಲಿ, ಬೆಂಕಿ ತಣ್ಣಗಿದೆ ಎಂದೋ ಬೆಳಕಿಲ್ಲದ್ದು ಎಂದೋ ನೂರು ಶ್ರುತಿಗಳು (ವೇದವಾಕ್ಯಗಳು) ಹೇಳಿದರೂ ಅವು ಪ್ರಮಾಣವಾಗುವುದಿಲ್ಲ, ಹಾಗೆ ಹೇಳಿದ್ದರೆ ಅಲ್ಲಿ ಬೇರೆಯ ಅರ್ಥವನ್ನು ಕಲ್ಪಿಸಬೇಕು ಎನ್ನುತ್ತಾರೆ. ಈ ಎರಡು ಮಾತುಗಳ ನಡುವೆ ವಿರೋಧವಿಲ್ಲ. ಒಂದೇ ನಿಯಮ ಎರಡು ಕಡೆ ಎರಡು ಫಲ ಕೊಟ್ಟಿದೆ.

ವಿಧಿವಾಕ್ಯಗಳಲ್ಲಿ ಮಾತ್ರ ನಾನು ಬಿಗಿ. ವಿಧಿಯಲ್ಲಿ ಶಬ್ದಕ್ಕೆ ಮುಖ್ಯಾರ್ಥವನ್ನು ಬಿಟ್ಟು ಬೇರೆ ಅರ್ಥ ಹಿಡಿಯಕೂಡದೆಂಬುದು ಜೈಮಿನಿ ಸೂತ್ರಗಳ ವ್ಯಾಖ್ಯಾನವಾದ ಶಾಬರಭಾಷ್ಯದಿಂದ ಬಂದ ಕಟ್ಟಳೆ. ತೈತ್ತಿರೀಯದ ಭೃಗುವಲ್ಲಿಯಲ್ಲಿ "ಅನ್ನವನ್ನು ನಿಂದಿಸಬಾರದು", "ಅನ್ನವನ್ನು ಹೆಚ್ಚಿಸಬೇಕು", "ವಸತಿ ಕೇಳಿ ಬಂದ ಯಾರನ್ನೂ ಹಿಂದಕ್ಕೆ ಕಳುಹಿಸಬಾರದು" ಎಂದು ವ್ರತಗಳನ್ನು ಹೇಳಿದೆ. ಅನ್ನವೆಂದರೆ ಇಲ್ಲಿ ಜ್ಞಾನವೆಂಬ ಆಹಾರ ಎಂದು ಅರ್ಥ ಹೇಳಿದವರನ್ನು ನಾನು ಕೇಳಿದ್ದೇನೆ. ಆ ವ್ಯಾಖ್ಯಾನದಿಂದ ಆಗುವುದೇನು? ಬಾಗಿಲಿಗೆ ಬಂದ ಹಸಿದವನಿಗೆ ಒಂದು ಹಿಡಿ ಅನ್ನ ಹಾಕುವ ಹೊಣೆ ತಪ್ಪುತ್ತದೆ. ಕಷ್ಟದ ಆಜ್ಞೆಯನ್ನು ಸುಲಭದ ತತ್ತ್ವವನ್ನಾಗಿ ಮಾಡುವ ಲಕ್ಷಣೆಯನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಹಿಂದಿನ ಆನಂದವಲ್ಲಿಯಲ್ಲಿ ಅನ್ನಮಯ ಕೋಶದ ವಿಚಾರ ಬಂದಿರುವುದು ನಿಜ. ಅಲ್ಲಿಯೂ ಅನ್ನವೆಂದರೆ ಭೂಮಿಯಲ್ಲಿ ಬೆಳೆದು ಪ್ರಾಣಿಗಳು ಉಣ್ಣುವ ಅನ್ನವೇ.

ಛಾಂದೋಗ್ಯದ ಆರನೆಯ ಅಧ್ಯಾಯಕ್ಕೆ ಬಂದಾಗ ಅಕ್ಷರಾರ್ಥ ಮತ್ತು ರೂಪಕ ಎಂಬ ಎರಡೇ ಮನೆಗಳು ಸಾಲುವುದಿಲ್ಲ. ಉದ್ದಾಲಕ ಆರುಣಿ ಮಗ ಶ್ವೇತಕೇತುವಿಗೆ ಹದಿನೈದು ದಿನ ಊಟ ಬಿಡು, ನೀರು ಮಾತ್ರ ಕುಡಿ ಎನ್ನುತ್ತಾನೆ. ಹದಿನೈದು ದಿನವಾದ ಮೇಲೆ ಅವನಿಗೆ ಓದಿದ ವೇದ ನೆನಪಿಗೆ ಬರುವುದಿಲ್ಲ. ಉಂಡ ಮೇಲೆ ಬರುತ್ತದೆ. ಇದು ರೂಪಕವಲ್ಲ, ಪ್ರಯೋಗ. ಉಪ್ಪಿನ ಪ್ರಸಂಗವೂ ಹಾಗೆಯೇ. ಅದನ್ನು ನಾನು ಪಾಠದಲ್ಲಿ ಮಾಡಿಯೇ ತೋರಿಸುತ್ತೇನೆ. ಹಿಂದಿನ ರಾತ್ರಿ ಕಲ್ಲುಪ್ಪಿನ ಹರಳುಗಳನ್ನು ಒಂದು ಚೊಂಬು ನೀರಿಗೆ ಹಾಕಿಟ್ಟು, ಬೆಳಿಗ್ಗೆ ಪಾಠಕ್ಕೆ ತಂದು, ಉಪ್ಪನ್ನು ತೆಗೆದುಕೊಡಿ ಎಂದು ಕೇಳುತ್ತೇನೆ. ಕೈ ಆಡಿಸಿದರೆ ಹರಳು ಸಿಗುವುದಿಲ್ಲ. ಉದ್ಧರಣೆಯಿಂದ ಮೇಲಿನ ನೀರು, ಸ್ವಲ್ಪ ಚೆಲ್ಲಿ ನಡುವಿನ ನೀರು, ಇನ್ನೂ ಚೆಲ್ಲಿ ತಳದ ನೀರು ಎಂದು ಮೂರು ಸಲ ಅಂಗೈಗೆ ಹಾಕಿದಾಗ ಮೂರೂ ಉಪ್ಪೇ. ಕಾಣದೆ ಇರುವುದು ಇಲ್ಲದೆ ಇರುವುದಲ್ಲ ಎಂಬುದು ನಾಲಿಗೆಗೆ ತಿಳಿದ ಮೇಲೆ "ಹಾಗೆಯೇ ಸತ್ (ಎಲ್ಲಕ್ಕೂ ಮೂಲವಾದ ಇರವು) ಇಲ್ಲಿಯೇ ಇದೆ, ನಿನಗೆ ಕಾಣುತ್ತಿಲ್ಲ" ಎಂಬ ವಾಕ್ಯವನ್ನು ಓದುತ್ತೇವೆ. ಒಮ್ಮೆ ಒಬ್ಬ ಹುಡುಗ, ನೀರನ್ನು ಕುದಿಸಿದರೆ ಉಪ್ಪು ಮತ್ತೆ ಸಿಗುತ್ತದೆಯಲ್ಲ, ಹಾಗೆ ಬ್ರಹ್ಮವನ್ನೂ ಬೇರ್ಪಡಿಸಬಹುದೇ ಎಂದು ಕೇಳಿದ. ದೃಷ್ಟಾಂತ ಎಷ್ಟು ಅಂಶಕ್ಕೆ ಬಂದಿದೆಯೋ ಅಷ್ಟಕ್ಕೇ ಅದನ್ನು ಹಿಡಿಯಬೇಕು, ಎಲ್ಲ ಅಂಶದಲ್ಲೂ ಸಾಮ್ಯವಿದ್ದರೆ ಅದು ದೃಷ್ಟಾಂತವಾಗಿ ಉಳಿಯುವುದೇ ಇಲ್ಲ ಎಂದು ಶಂಕರರು ಸೂತ್ರಭಾಷ್ಯದ ಮೂರನೆಯ ಅಧ್ಯಾಯದಲ್ಲಿ ಹೇಳಿದ್ದನ್ನು ಅವನಿಗೆ ಓದಿ ತೋರಿಸಿದೆ.

ಅದೇ ಅಧ್ಯಾಯದಲ್ಲಿ ಒಂಬತ್ತು ಸಲ ಬರುವ "ತತ್ತ್ವಮಸಿ" (ಅದೇ ನೀನು) ಎಂಬ ವಾಕ್ಯದಲ್ಲಿ ಮೂರು ಮತಗಳ ಆಚಾರ್ಯರು ಮೂರು ದಾರಿ ಹಿಡಿದಿದ್ದಾರೆ. ಪಾಠದಲ್ಲಿ ನಾನು ಮೂರನ್ನೂ ಹೇಳುತ್ತೇನೆ, ಏಕೆಂದರೆ ನನ್ನ ಮುಂದೆ ಮೂರೂ ಸಂಪ್ರದಾಯಗಳವರು ಕುಳಿತಿರುತ್ತಾರೆ. ಮೂರರಲ್ಲಿ ಯಾವುದಕ್ಕೂ ಸೇರದವರೂ ಇರುತ್ತಾರೆ. ಅದ್ವೈತದಲ್ಲಿ ಪ್ರಚಲಿತವಾದ ಕ್ರಮ ಎರಡೂ ಪದಗಳಲ್ಲಿ ವಿರುದ್ಧಾಂಶವನ್ನು ಬಿಟ್ಟು ಚೈತನ್ಯಮಾತ್ರವನ್ನು ಹಿಡಿಯುವ ಜಹದಜಹಲ್ಲಕ್ಷಣೆ. ರಾಮಾನುಜಾಚಾರ್ಯರು ಜೀವನನ್ನು ಬ್ರಹ್ಮದ ಶರೀರವೆಂದು ತಿಳಿದು, ಎರಡೂ ಪದಗಳು ಮುಖ್ಯಾರ್ಥದಲ್ಲಿಯೇ ಬ್ರಹ್ಮದವರೆಗೆ ಹೋಗುತ್ತವೆ, ಲಕ್ಷಣೆಯೇ ಬೇಡ ಎನ್ನುತ್ತಾರೆ. ಮಧ್ವಾಚಾರ್ಯರು ಪದವಿಭಾಗವನ್ನೇ ಬೇರೆ ಮಾಡಿ "ಅತತ್ ತ್ವಮಸಿ" (ನೀನು ಅದಲ್ಲ) ಎಂದು ಓದಿ, ಹಕ್ಕಿ ಮತ್ತು ದಾರ, ನದಿ ಮತ್ತು ಸಮುದ್ರ ಮೊದಲಾದ ಒಂಬತ್ತು ದೃಷ್ಟಾಂತಗಳೂ ಭೇದವನ್ನೇ ಹೇಳುತ್ತವೆ ಎಂದು ತೋರಿಸುತ್ತಾರೆ. ಇನ್ನು ಅದ್ವೈತದ ಒಳಗೇ ವೇದಾಂತಪರಿಭಾಷೆಯನ್ನು ಬರೆದ ಧರ್ಮರಾಜಾಧ್ವರೀಂದ್ರರು ಇಲ್ಲಿ ಲಕ್ಷಣೆ ಅಗತ್ಯವಿಲ್ಲ ಎಂಬ ನಿಲುವು ತಳೆದಿದ್ದಾರೆ. ಸಿದ್ಧಾಂತದಲ್ಲಿ ಇಷ್ಟು ದೂರ ನಿಂತವರೂ ತಮ್ಮ ಅರ್ಥವೇ ಅಕ್ಷರಕ್ಕೆ ಹತ್ತಿರವೆಂದು ತೋರಿಸಲು ಇಷ್ಟು ಶ್ರಮಪಟ್ಟಿದ್ದಾರೆ. ಲಕ್ಷಣೆಯನ್ನು ಹಿಡಿದವನು ಕಾರಣ ಕೊಡಬೇಕು ಎಂಬುದನ್ನು ಯಾರೂ ಅಲ್ಲಗಳೆಯಲಿಲ್ಲ.

ಗೀತೆಯ ಪಾಠವಾಗುವಾಗ ಯುದ್ಧದ ಪ್ರಶ್ನೆ ತಪ್ಪದೆ ಬರುತ್ತದೆ. 1888-89ರಲ್ಲಿ ಮೊದಲ ಸಲ ಗೀತೆಯನ್ನು ಓದಿದಾಗಲೇ ಅದು ಐತಿಹಾಸಿಕ ಕೃತಿಯಲ್ಲ, ಮನುಷ್ಯನ ಹೃದಯದಲ್ಲಿ ನಡೆಯುವ ಕಾಳಗದ ವರ್ಣನೆ ಎಂದು ತಮಗೆ ತೋರಿತೆಂದು ಗಾಂಧೀಜಿ ಬರೆದಿದ್ದಾರೆ. ಆ ಓದನ್ನು ಅವರು ಬದುಕಿನಲ್ಲಿ ತೆತ್ತು ಸಂಪಾದಿಸಿದರು, ಅದಕ್ಕೆ ನನ್ನ ಗೌರವವಿದೆ. ಆದರೂ ಅಜ್ಜನನ್ನು, ಗುರುವನ್ನು ಎದುರಿಗೆ ಕಂಡು ಅರ್ಜುನ ನಡುಗಿದ್ದು ಕೇವಲ ಒಳಗಿನ ಕಥೆಯಾದರೆ ಮೊದಲ ಅಧ್ಯಾಯದ ಸಂಕಟ ತೆಳುವಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ನಮ್ಮ ಉಡುಪಿಯ ಮಧ್ವಾಚಾರ್ಯರು ಮಹಾಭಾರತ ತಾತ್ಪರ್ಯನಿರ್ಣಯದಲ್ಲಿ ಹಿಡಿದ ದಾರಿ ನನಗೆ ಹೆಚ್ಚು ಒಪ್ಪಿಗೆ. ಅಲ್ಲಿ ಭೀಮ ಭಕ್ತಿ, ಜ್ಞಾನ, ವೈರಾಗ್ಯ, ಪ್ರಜ್ಞೆ ಮೊದಲಾದ ಹತ್ತು ಗುಣಗಳ ಮೂರ್ತಿ, ದ್ರೌಪದಿ ವಿದ್ಯೆ, ದುರ್ಯೋಧನ ಅಜ್ಞಾನ, ದುಃಶಾಸನ ವಿಪರೀತಜ್ಞಾನ, ಶಕುನಿ ನಾಸ್ತಿಕ್ಯ. ಆದರೆ ಈ ಅರ್ಥ ಬಂದುದರಿಂದ ಅವರಿಗೆ ಕಥೆ ಸುಳ್ಳಾಗಲಿಲ್ಲ. ನಡೆದ ಇತಿಹಾಸವನ್ನು ಹೇಳುವ ಅರ್ಥ, ಧರ್ಮಭಕ್ತಿಗಳನ್ನು ಬೋಧಿಸುವ ಅರ್ಥ, ಭಗವಂತನನ್ನೇ ಹೇಳುವ ಅರ್ಥ ಎಂಬ ಮೂರನ್ನೂ ಅವರು ಒಂದರ ಮೇಲೊಂದು ನಿಲ್ಲಿಸಿದರು.

ಛಾಂದೋಗ್ಯದ ಐದನೆಯ ಅಧ್ಯಾಯದ ಹತ್ತನೆಯ ಖಂಡವೇ ನನಗೆ ಎಲ್ಲಕ್ಕಿಂತ ಕಷ್ಟದ ಪಾಠ. ಒಳ್ಳೆಯ ನಡತೆಯವರು ಒಳ್ಳೆಯ ಜನ್ಮವನ್ನು ಪಡೆಯುತ್ತಾರೆ, ಕೆಟ್ಟ ನಡತೆಯವರು ನಾಯಿಯಾಗಿ, ಹಂದಿಯಾಗಿ, ಚಂಡಾಲನಾಗಿ ಹುಟ್ಟುತ್ತಾರೆ ಎಂದು ಅಲ್ಲಿದೆ. ಚಂಡಾಲನೆಂದರೆ ಚಂಡಸ್ವಭಾವದವನು ಎಂದು ಹೇಳಿ ಮುಂದೆ ಸಾಗಬಹುದು, ಹಾಗೆ ಸಾಗುವವರಿದ್ದಾರೆ. ನಾನು ಹಾಗೆ ಮಾಡುವುದಿಲ್ಲ. ಅಲ್ಲಿ ಮುಖ್ಯಾರ್ಥಕ್ಕೆ ಯಾವ ಬಾಧೆಯೂ ಇಲ್ಲ. ಇರುವುದು ನನ್ನ ಸಂಕೋಚ ಮಾತ್ರ, ಅದು ಲಕ್ಷಣೆಗೆ ನಿಮಿತ್ತವಾಗಲಾರದು. ಆದುದರಿಂದ ಇದ್ದದ್ದನ್ನು ಇದ್ದ ಹಾಗೆ ಓದುತ್ತೇನೆ. ಆಮೇಲೆ ಮುಂದಿನ ಮಂತ್ರದ "ಆದುದರಿಂದ ಇದರಲ್ಲಿ ಜುಗುಪ್ಸೆ ತಾಳಬೇಕು" ಎಂಬ ವಾಕ್ಯವನ್ನು ತೋರಿಸಿ, ಹುಟ್ಟುಸಾವುಗಳ ಸುತ್ತಾಟದಲ್ಲಿ ವೈರಾಗ್ಯ ಹುಟ್ಟಿಸುವುದೇ ಈ ಪ್ರಕರಣದ ತಾತ್ಪರ್ಯವೆಂದು ಶಂಕರರೂ ಹೇಳಿರುವುದನ್ನು ತಿಳಿಸುತ್ತೇನೆ. ತಾತ್ಪರ್ಯವುಳ್ಳ ಶ್ರುತಿ ಪ್ರತ್ಯಕ್ಷಕ್ಕಿಂತ ಬಲವತ್ತರ, ಶ್ರುತಿ ಎಂಬಷ್ಟರಿಂದಲೇ ಅಲ್ಲ ಎಂಬ, ಶಂಕರರ ಸೂತ್ರಭಾಷ್ಯಕ್ಕೆ ಟೀಕೆ ಬರೆದ ವಾಚಸ್ಪತಿಮಿಶ್ರರ ಮಾತು ಇಲ್ಲಿ ನನಗೆ ಆಸರೆ. ಹುಟ್ಟಿನಿಂದ ಮನುಷ್ಯನನ್ನು ನಾಯಿ ಹಂದಿಗಳ ಸಾಲಿನಲ್ಲಿ ನಿಲ್ಲಿಸುವ ಆ ಎಣಿಕೆಯನ್ನು ನಾನು ಒಪ್ಪುವುದಿಲ್ಲ ಎಂಬುದನ್ನೂ, ಅದು ವ್ಯಾಖ್ಯಾನವಲ್ಲ, ನನ್ನ ನಿಲುವು ಎಂದು ಬೇರ್ಪಡಿಸಿ, ಅದೇ ಪಾಠದಲ್ಲಿ ಹೇಳುತ್ತೇನೆ.

ಒಂದು ವರ್ಷ ಆ ಭಾಗ ಮುಗಿದ ಮೇಲೆ, ದಲಿತ ಕುಟುಂಬದಿಂದ ಬಂದ ನಿವೃತ್ತ ಶಿಕ್ಷಕಿಯೊಬ್ಬರು, "ಸರ್, ಇದನ್ನು ಬಿಟ್ಟು ಓದಿದ್ದರೆ ನಾನು ಮುಂದಿನ ವಾರದಿಂದ ಬರುತ್ತಿರಲಿಲ್ಲ" ಎಂದರು. ಈಗ ನಾವು ಆ ಖಂಡವನ್ನು ಒಳಗೊಂಡ ಪಂಚಾಗ್ನಿವಿದ್ಯೆಯ ಪ್ರಕರಣವನ್ನು ಓದುವಾಗ ಆ ಮಂತ್ರವನ್ನೂ ಅದರ ಮುಂದಿನದನ್ನೂ ಅವರೇ ಓದಿ, ತಮ್ಮ ಮಾತನ್ನು ಸೇರಿಸಿದ ಬಳಿಕ ನಾನು ಭಾಷ್ಯವನ್ನು ತೆರೆಯುತ್ತೇನೆ.