ಶಿಡ್ಲಘಟ್ಟದ ಭಾನುವಾರಗಳು: ರೆಂಡಿಟ್ಟದ ಲೆಕ್ಕದಿಂದ ಶುರುವಾದ ಪ್ರೋಗ್ರಾಮಿಂಗ್ ಪಾಠ

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ನಾನು ಬೆಂಗಳೂರಿನ ಬಾಡಿಗೆ ಮನೆಗೆ ಬೀಗ ಹಾಕಿ ಶಿಡ್ಲಘಟ್ಟ ತಾಲ್ಲೂಕಿನ ನಮ್ಮ ಊರಿಗೆ ಬಂದೆ. ಹನ್ನೊಂದು ವರ್ಷಗಳಿಂದ ಸಾಫ್ಟ್‌ವೇರ್ ಕೆಲಸದಲ್ಲಿದ್ದ ನನಗೆ ಒಂದು ವಾರಕ್ಕಿಂತ ಹೆಚ್ಚು ದಿನ ಊರಿನಲ್ಲಿ ಉಳಿಯುವ ಅವಕಾಶ ಸಿಕ್ಕಿದ್ದು ಅದೇ ಮೊದಲು. ಹಜಾರದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುತ್ತಿದ್ದರೆ, ಕಾಲೇಜು ಮುಚ್ಚಿ ಮನೆಯಲ್ಲಿದ್ದ ಡಿಪ್ಲೊಮಾ ಮತ್ತು ಬಿಸಿಎ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಬಂದು ಹೊಸ್ತಿಲ ಬಳಿ ನಿಲ್ಲುತ್ತಿದ್ದರು. ಎಲ್ಲರ ಪ್ರಶ್ನೆಯೂ ಒಂದೇ ಆಗಿತ್ತು: "ಅಕ್ಕ, ಯಾವ ಕೋರ್ಸ್ ಮಾಡಿದರೆ ಕೆಲಸ ಸಿಗುತ್ತದೆ?"

ಆ ಪ್ರಶ್ನೆಯ ಹಿಂದಿದ್ದ ಆತಂಕ ನನಗೆ ಹೊಸದಲ್ಲ. ಅವರಲ್ಲಿ ಒಬ್ಬ ಹುಡುಗನ ಮನೆಯವರು ಹಸು ಮಾರಿ, ನೂರಕ್ಕೆ ನೂರು ಕೆಲಸದ ಭರವಸೆ ಕೊಟ್ಟ ತರಬೇತಿ ಕೇಂದ್ರವೊಂದಕ್ಕೆ 45,000 ರೂಪಾಯಿ ಕಟ್ಟಿದ್ದರು. ಮೂರು ತಿಂಗಳ ನಂತರ ಅವನ ಕೈಗೆ ಬಂದದ್ದು ಒಂದು ಪ್ರಮಾಣಪತ್ರ ಮತ್ತು ಇನ್ನೂರು ಸಂದರ್ಶನ ಪ್ರಶ್ನೆಗಳ ಜೆರಾಕ್ಸ್ ಪ್ರತಿ. ಆ ಹಾಳೆಗಳನ್ನು ನೋಡಿದ ದಿನವೇ, ನಿರ್ಬಂಧಗಳು ಸಡಿಲವಾದ ಕೂಡಲೇ ಭಾನುವಾರ ಬೆಳಿಗ್ಗೆ ಇವರೊಂದಿಗೆ ಕೂರಬೇಕೆಂದು ನಿರ್ಧರಿಸಿದೆ. ಕಚೇರಿಯ ಸಹೋದ್ಯೋಗಿಗಳಿಂದ ಹಳೆಯ ಲ್ಯಾಪ್‌ಟಾಪ್ ನಾಲ್ಕು ಸಿಕ್ಕವು. ಅವುಗಳಿಗೆ ಲಿನಕ್ಸ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆ ಹಾಕಿದೆ. ಹದಿನಾಲ್ಕು ಜನ ಬಂದರು.

ಮೊದಲ ಆರು ವಾರ ನಾನು ಮಾಡಿದ್ದು ತಪ್ಪು. ಅವರಿಗೆ ಬೇಕಿರುವುದು ಕೆಲಸ, ಕೆಲಸಕ್ಕೆ ಬೇಕಿರುವುದು ಸಂದರ್ಶನದ ತಯಾರಿ ಎಂದುಕೊಂಡು ನಾನೂ ಆ ಜೆರಾಕ್ಸ್ ಹಾಳೆಗಳ ದಾರಿಯನ್ನೇ ಹಿಡಿದಿದ್ದೆ. ಒಬ್ಬ ವಿದ್ಯಾರ್ಥಿನಿ ಪ್ರೋಗ್ರಾಮಿಂಗ್‌ನ ಒಂದು ಪರಿಕಲ್ಪನೆಯಾದ ಇನ್‌ಹೆರಿಟೆನ್ಸ್ ಎಂದರೇನೆಂಬುದನ್ನು ಇಂಗ್ಲಿಷಿನಲ್ಲಿ ಎಲ್ಲೂ ತಡವರಿಸದೆ ಒಪ್ಪಿಸಿದಳು. ಅದನ್ನೇ ಕನ್ನಡದಲ್ಲೋ, ಅವಳ ಮನೆಯ ಮಾತಾದ ತೆಲುಗಿನಲ್ಲೋ ಹೇಳು ಎಂದಾಗ ತಲೆ ತಗ್ಗಿಸಿದಳು. ಏಳನೆಯ ವಾರದ ಹೊತ್ತಿಗೆ ಐದು ಜನ ಬರುವುದನ್ನು ನಿಲ್ಲಿಸಿದ್ದರು. ಅವರಲ್ಲಿ ಆಸಕ್ತಿ ಇರಲಿಲ್ಲವೆಂದು ನಾನು ಹೇಳಲಾರೆ. ಆಸಕ್ತಿ ಹುಟ್ಟುವಂಥದ್ದನ್ನು ನಾನು ಅವರ ಮುಂದೆ ಇಟ್ಟಿರಲಿಲ್ಲ.

ದಾರಿ ಬದಲಾದದ್ದು ಅದೇ ವಿದ್ಯಾರ್ಥಿನಿಯಿಂದ. ಅವಳ ತಂದೆಗೆ ಶಿಡ್ಲಘಟ್ಟದಲ್ಲಿ ಸಣ್ಣದೊಂದು ನೂಲು ತೆಗೆಯುವ ಘಟಕವಿತ್ತು. "ನಿಮ್ಮ ತಂದೆ ದಿನವೂ ಮಾಡುವ ಲೆಕ್ಕ ಯಾವುದು?" ಎಂದು ಕೇಳಿದೆ. "ರೆಂಡಿಟ್ಟ, ಅಕ್ಕ" ಎಂದಳು. ರೇಷ್ಮೆಯ ಸೀಮೆಯವರಿಗೆ ಈ ಪದವನ್ನು ವಿವರಿಸಬೇಕಿಲ್ಲ. ಉಳಿದವರಿಗಾಗಿ ಹೇಳುವುದಾದರೆ, ಒಂದು ಕಿಲೋ ಕಚ್ಚಾ ರೇಷ್ಮೆ ತೆಗೆಯಲು ಎಷ್ಟು ಕಿಲೋ ಗೂಡು ಬೇಕಾಯಿತು ಎಂಬುದೇ ರೆಂಡಿಟ್ಟ. 120 ಕಿಲೋ ಗೂಡಿನಿಂದ 16 ಕಿಲೋ ರೇಷ್ಮೆ ಬಂದರೆ ರೆಂಡಿಟ್ಟ 7.5. ಅಂಕಿ ಕಡಿಮೆಯಾದಷ್ಟೂ ಗೂಡು ಉತ್ತಮ. ಇಷ್ಟನ್ನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯಲು ಅವಳಿಗೆ ಹೇಳಿದೆ.

ಅವಳು ಮೂರು ಸಾಲು ಬರೆದು, ಗೂಡಿನ ತೂಕ ಮತ್ತು ರೇಷ್ಮೆಯ ತೂಕವನ್ನು ಕೀಲಿಮಣೆಯಿಂದ ಕೊಟ್ಟು, ಎಂಟರ್ ಒತ್ತಿದಳು. ಟೈಪ್ ಎರರ್ ಬಂತು. ಪರದೆಯ ಮೇಲೆ ಏನು ಬರೆದಿದೆ ಎಂದು ನೋಡುವ ಮೊದಲೇ ಅವಳು ನನ್ನ ಮುಖ ನೋಡಿದಳು. ಅವರೆಲ್ಲರೂ ಹಾಗೆಯೇ ಮಾಡುತ್ತಿದ್ದರು, ನಾನೂ ಆರು ವಾರ ಕೈ ಚಾಚಿ ತಿದ್ದಿಕೊಡುತ್ತಿದ್ದೆ. ಅಂದು ಕೈ ಕಟ್ಟಿ ಕುಳಿತು, ಕೊನೆಯ ಸಾಲನ್ನು ಗಟ್ಟಿಯಾಗಿ ಓದು ಎಂದೆ. ಓದಿದಳು. ಅದರ ಒಂದೊಂದು ಪದಕ್ಕೂ ಕನ್ನಡದಲ್ಲಿ ಅರ್ಥ ಹೇಳು ಎಂದೆ. ಇಪ್ಪತ್ತು ನಿಮಿಷ ಹಿಡಿಯಿತು. ಕೊನೆಗೆ ಅವಳು, "ನಾನು ಕೊಟ್ಟದ್ದು ಸಂಖ್ಯೆ, ಆದರೆ ಅದು ತೆಗೆದುಕೊಂಡದ್ದು ಬರೀ ಅಕ್ಷರ, ಅಕ್ಷರವನ್ನು ಅಕ್ಷರದಿಂದ ಭಾಗಿಸಲು ಆಗುವುದಿಲ್ಲ" ಎಂದಳು. ಕೀಲಿಮಣೆಯಿಂದ ಬಂದದ್ದೆಲ್ಲ ಮೊದಲು ಪಠ್ಯವೇ, ಅದನ್ನು ಸಂಖ್ಯೆಯಾಗಿ ಮಾರ್ಪಡಿಸಿಕೊಳ್ಳುವ ಹೊಣೆ ಬರೆಯುವವರದು ಎಂಬುದನ್ನು ನಾನು ಎರಡು ಬಾರಿ ಪಾಠ ಮಾಡಿದ್ದೆ. ಅದು ಅವಳದಾದದ್ದು ಆ ಇಪ್ಪತ್ತು ನಿಮಿಷಗಳಲ್ಲಿ.

ಮುಂದಿನ ಭಾನುವಾರ ಅವಳು ತಂದೆಯ ಮೂರು ತಿಂಗಳ ಲೆಕ್ಕದ ಪುಸ್ತಕವನ್ನೇ ತಂದಳು. ಗೂಡಿನ ಮಾರುಕಟ್ಟೆಯಲ್ಲಿ ಹರಾಜಿನಲ್ಲಿ ಕೊಂಡು ತಂದ ಪ್ರತಿಯೊಂದು ಲಾಟಿನ ತೂಕ, ಬೆಲೆ, ಬಂದ ನೂಲು ಎಲ್ಲವೂ ಅದರಲ್ಲಿದ್ದವು. ಎಲ್ಲವನ್ನೂ ಕೂರಿಸಿ ನೋಡಿದಾಗ, ಅಗ್ಗಕ್ಕೆ ಸಿಕ್ಕಿತೆಂದು ಕೊಂಡ ಲಾಟುಗಳಲ್ಲಿ ಹಲವು ದುಬಾರಿಯಾಗಿದ್ದವು. ಕಿಲೋಗೆ 400 ರೂಪಾಯಿಯ ಗೂಡು 8.5 ರೆಂಡಿಟ್ಟ ಕೊಟ್ಟರೆ ಒಂದು ಕಿಲೋ ರೇಷ್ಮೆಗೆ ಗೂಡಿನ ಖರ್ಚೇ 3,400 ರೂಪಾಯಿ. 450 ರೂಪಾಯಿಯ ಗೂಡು 7 ರೆಂಡಿಟ್ಟ ಕೊಟ್ಟರೆ 3,150 ರೂಪಾಯಿ. ಗೂಡನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿಯೇ ಗುಣ ಹೇಳಬಲ್ಲ ತಂದೆಗೆ ಇದು ಅಂದಾಜಿನಲ್ಲಿ ಗೊತ್ತಿದ್ದ ಮಾತೇ. ಆದರೂ ಮಗಳು ಅಂಕಿಗಳ ಸಮೇತ ತೋರಿಸಿದ ಮೇಲೆ, ಭಾನುವಾರ ಅವಳನ್ನು ಕಳುಹಿಸಲು ಅವರು ತಕರಾರು ಮಾಡಲಿಲ್ಲ. ಅವಳಿಗೆ ಮಾತ್ರ ಮತ್ತೊಂದು ವಿಷಯ ಕಾಡಿತ್ತು. ಪುಸ್ತಕದಲ್ಲಿ ಒಂದು ಕಡೆ ತೂಕ ತಪ್ಪಾಗಿ ಬರೆದಿದ್ದರಿಂದ ರೆಂಡಿಟ್ಟ 2 ಎಂದು ಬಂದಿತ್ತು. ಪ್ರೋಗ್ರಾಮ್ ಅದನ್ನು ಪ್ರಶ್ನಿಸದೆ ಒಪ್ಪಿಕೊಂಡಿತಲ್ಲ ಎಂದು ಅವಳಿಗೆ ಅಸಮಾಧಾನ. ಇಂಥ ಅಂಕಿಗಳು ಬಂದಾಗ ನಿಲ್ಲಿಸಿ ಕೇಳುವಂತೆ ಮಾಡಲು ಅವಳು ಎರಡು ವಾರ ಶ್ರಮಿಸಿದಳು. ಇಂದು ಅವಳು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದಾಳೆ. ಆ ಕೆಲಸವನ್ನು ನಾನು ಸೂಚಿಸಲಿಲ್ಲ. ತಪ್ಪು ಅಂಕಿಯನ್ನು ಕಂಡರೆ ಸುಮ್ಮನಿರಲಾಗದ ಅವಳ ಸ್ವಭಾವವೇ ಅದನ್ನು ಆರಿಸಿಕೊಂಡಿತು.

ಅಲ್ಲಿಂದ ಮುಂದೆ ಪ್ರತಿಯೊಬ್ಬರೂ ತಮ್ಮ ಮನೆಯ ಒಂದು ಲೆಕ್ಕದಿಂದಲೇ ಶುರು ಮಾಡಬೇಕೆಂಬುದು ನಮ್ಮ ಪದ್ಧತಿಯಾಯಿತು. ಡೇರಿಗೆ ಹಾಕಿದ ಹಾಲಿನ ಲೆಕ್ಕ, ಟೊಮೆಟೊ ಬಾಕ್ಸಿನ ಲೆಕ್ಕ, ಚೀಟಿಯ ಲೆಕ್ಕ ಎಲ್ಲವೂ ಬಂದವು. ಮೊದಲು ಕನ್ನಡದಲ್ಲಿ ವಿವರಿಸಬೇಕು, ಅದು ಸರಿಯಾದ ಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಬೇಕು. ಸಂದರ್ಶನದಲ್ಲಿ ಇಂಗ್ಲಿಷ್ ಬೇಕೇ ಬೇಕು, ಅದನ್ನು ಮರೆಮಾಚುವುದು ಮಕ್ಕಳಿಗೆ ಮಾಡುವ ಅನ್ಯಾಯ. ಆದರೆ ತನಗೆ ಅರ್ಥವಾದದ್ದನ್ನು ಇಂಗ್ಲಿಷಿನಲ್ಲಿ ಹೇಳಲು ತಡವರಿಸುವವರು ಆರು ತಿಂಗಳಲ್ಲಿ ಸುಧಾರಿಸುತ್ತಾರೆ. ಅರ್ಥವಾಗದ್ದನ್ನು ನಿರರ್ಗಳವಾಗಿ ಹೇಳುವವರನ್ನು ತಿದ್ದಲು ನನಗೆ ಹೆಚ್ಚು ಸಮಯ ಹಿಡಿದಿದೆ.

ಕನ್ನಡದಲ್ಲಿ ಯೋಚಿಸುವುದು ಕೆಲವೊಮ್ಮೆ ನಾನು ನಿರೀಕ್ಷಿಸದ ಕಡೆಗೂ ಕರೆದೊಯ್ದಿತು. ಪೈಥಾನ್‌ನ ಮೂರನೆಯ ಆವೃತ್ತಿ 2008ರಲ್ಲಿ ಬಂದಾಗಿನಿಂದ ವೇರಿಯಬಲ್‌ಗಳ, ಅಂದರೆ ಮೌಲ್ಯಗಳನ್ನು ಇಟ್ಟುಕೊಳ್ಳುವ ಗುರುತುಗಳ, ಹೆಸರನ್ನು ಕನ್ನಡದಲ್ಲೂ ಬರೆಯಬಹುದು. ಒಬ್ಬ ಹುಡುಗ 'ಶಿಡ್ಲಘಟ್ಟ' ಎಂಬ ಪದದ ಉದ್ದ ಕೇಳಿದಾಗ ಉತ್ತರ 9 ಎಂದು ಬಂತು. "ನಾಲ್ಕೇ ಅಕ್ಷರ ಅಲ್ಲವೇ ಅಕ್ಕ?" ಎಂದ. ಅವನು ಎಣಿಸಿದ್ದು ನಾವು ಉಚ್ಚರಿಸುವ ಅಕ್ಷರಗಳನ್ನು. ಕಂಪ್ಯೂಟರ್ ಎಣಿಸಿದ್ದು ವ್ಯಂಜನ, ಗುಣಿತದ ಚಿಹ್ನೆ, ಒತ್ತಕ್ಷರಕ್ಕೆ ಬೇಕಾದ ಹಲಂತ ಎಲ್ಲವನ್ನೂ ಬೇರೆ ಬೇರೆಯಾಗಿ. ಎಲ್ಲ ಭಾಷೆಗಳ ಲಿಪಿಚಿಹ್ನೆಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾದ 128 ಸ್ಥಾನಗಳ ಪಟ್ಟಿಯನ್ನು ತೆರೆದು, ಆ ಒಂಬತ್ತನ್ನೂ ಒಂದೊಂದಾಗಿ ಹುಡುಕಿಸಿದೆ. ಇನ್ನೊಂದು ದಿನ, ಕಣ್ಣಿಗೆ ಸರಿಯಾಗಿಯೇ ಕಾಣುತ್ತಿದ್ದ ಒಂದು ಹೆಸರನ್ನು ಪೈಥಾನ್ ಒಪ್ಪಲಿಲ್ಲ. ಅರ್ಧಾಕ್ಷರದ ನಂತರ ಮುಂದಿನ ಅಕ್ಷರ ಒತ್ತಾಗದಂತೆ ತಡೆಯಲು ಟೈಪ್ ಮಾಡುವಾಗ ಸೇರುವ ಕಾಣದ ಚಿಹ್ನೆ ಅಲ್ಲಿ ಅಡಗಿತ್ತು. ನನಗೂ ಅದು ತಕ್ಷಣ ಹೊಳೆಯಲಿಲ್ಲ. ನಾನು ಅವರ ಜೊತೆಗೇ ಹುಡುಕುತ್ತಿದ್ದುದನ್ನು ಅವರು ನೋಡಿದ್ದು ಒಳ್ಳೆಯದೇ ಆಯಿತು.

ಪ್ರತಿ ವರ್ಷ ಸೆಪ್ಟೆಂಬರ್ 15ರಂದು ನಮ್ಮ ಜಿಲ್ಲೆಯ ಶಾಲಾ ಕಾಲೇಜುಗಳಲ್ಲಿ ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹಾರ ಹಾಕುತ್ತಾರೆ. ನಮ್ಮದೇ ಜಿಲ್ಲೆಯ ಮುದ್ದೇನಹಳ್ಳಿಯವರು ಎಂಬ ಹೆಮ್ಮೆ ಎಲ್ಲರಿಗೂ ಇದೆ. ಅವರು ಏನು ಮಾಡಿದರೆಂದು ಕೇಳಿದರೆ ಕೆ.ಆರ್.ಎಸ್. ಎಂಬ ಒಂದೇ ಉತ್ತರ ಬರುತ್ತದೆ. ಒಂದು ಭಾನುವಾರ ನಾನು ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಲ್ಲಿ ಅವರು ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳ ಬಗ್ಗೆ ಹೇಳಿದೆ: ನೀರು ಗೊತ್ತುಪಡಿಸಿದ ಮಟ್ಟ ದಾಟಿದರೆ ಬಾಗಿಲು ತಾನಾಗಿಯೇ ತೆರೆಯುತ್ತದೆ, ಇಳಿದರೆ ಮುಚ್ಚುತ್ತದೆ. ಹಸು ಮಾರಿಸಿ ಕೋರ್ಸ್ ಮಾಡಿದ್ದ ಹುಡುಗ ತುಂಬ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ನಮ್ಮ ರೇಷ್ಮೆ ಹುಳು ಸಾಕುವ ಮನೆಯಲ್ಲಿ ಬಿಸಿಲು ಏರಿದಾಗ ಯಾರಾದರೂ ಹೋಗಿ ನೋಡಬೇಕು, ಅದೂ ಹೀಗೆಯೇ ಅಲ್ಲವೇ?" ಎಂದ.

ಅವನ ಪ್ರಶ್ನೆ ಸರಿಯಾಗಿತ್ತು. ಚಾಕಿ ಹುಳುವಿಗೆ, ಅಂದರೆ ಎಳೆಯ ಹುಳುವಿಗೆ, 27ರಿಂದ 28 ಡಿಗ್ರಿ ಉಷ್ಣತೆ, ಶೇ. 80ಕ್ಕೂ ಮಿಕ್ಕ ತೇವಾಂಶ ಬೇಕು. ದೊಡ್ಡ ಹುಳುವಿಗೆ 24ರಿಂದ 25 ಡಿಗ್ರಿ, ಶೇ. 70ರ ಆಸುಪಾಸಿನ ತೇವಾಂಶ ಸಾಕು. ನಾಲ್ಕನೇ ಜ್ವರ (ಹುಳು ಪೊರೆ ಬಿಡುವ ಹಂತ) ಕಳೆದು ಹುಳು ಸೊಪ್ಪು ಮುಕ್ಕುವ ದಿನಗಳಲ್ಲಿ ಬಿಸಿಲಿನ ಝಳ ಹೊಡೆದರೆ ರೋಗ ಬರುತ್ತದೆ, ಇಡೀ ಬೆಳೆ ಕೈತಪ್ಪಬಹುದು. ಅವನು ಉಷ್ಣತೆ, ತೇವಾಂಶ ಅಳೆಯುವ ಡಿಎಚ್‌ಟಿ22 ಎಂಬ ಸಣ್ಣ ಸೆನ್ಸರ್ ಮತ್ತು ವೈಫೈ ಇರುವ ಒಂದು ಬೋರ್ಡ್ ತರಿಸಿ, ಉಷ್ಣತೆ ಏರಿದರೆ ಮನೆಯ ಗಂಟೆ ಬಾರಿಸುವಂತೆ ಮಾಡಿದ. ಮೊದಲ ಬೆಳೆಯಲ್ಲಿ ಗಂಟೆ ಹೊತ್ತಲ್ಲದ ಹೊತ್ತಿನಲ್ಲಿ ಬಾರಿಸಿ ಅವನ ತಾಯಿ ರೇಗಿದರು. ಸೆನ್ಸರನ್ನು ಅವನು ಬಾಗಿಲ ಪಕ್ಕದ ಗೋಡೆಗೆ ಕಟ್ಟಿದ್ದ; ಮಧ್ಯಾಹ್ನ ಆ ಗೋಡೆ ಬಿಸಿಯಾಗುತ್ತಿತ್ತು. "ಹುಳು ಇರುವುದು ತಟ್ಟೆಯಲ್ಲಿ, ಗೋಡೆಯಲ್ಲಲ್ಲ" ಎಂದು ಹೇಳಿ ಅದನ್ನು ಸ್ಟ್ಯಾಂಡಿನ ನಡುವಿನ ತಟ್ಟೆಯ ಎತ್ತರಕ್ಕೆ ಕಟ್ಟಿಸಿದವರು ಆ ತಾಯಿಯೇ. ಎಂಜಿನಿಯರಿಂಗ್‌ನಲ್ಲಿ ಅಳತೆ ಎಲ್ಲಿಂದ ತೆಗೆದುಕೊಳ್ಳಬೇಕೆಂಬ ಪ್ರಶ್ನೆ ಎಷ್ಟು ದೊಡ್ಡದೆಂದು ಅವನಿಗೆ ನಾನು ಬೇರೆಯಾಗಿ ಹೇಳಬೇಕಾಗಲಿಲ್ಲ.

ಬಂದವರೆಲ್ಲರೂ ಸಾಫ್ಟ್‌ವೇರ್ ಕೆಲಸಕ್ಕೆ ಹೋಗಲಿಲ್ಲ. ಒಬ್ಬಳು ಶಿಕ್ಷಕಿಯಾಗಲು ಬಿ.ಎಡ್. ಸೇರಿದಳು, ಒಬ್ಬ ತಂದೆಯ ಘಟಕವನ್ನೇ ನೋಡಿಕೊಳ್ಳುತ್ತಿದ್ದಾನೆ. ಅದನ್ನು ನಾನು ಸೋಲಿನ ಲೆಕ್ಕಕ್ಕೆ ಬರೆದುಕೊಂಡಿಲ್ಲ. ಮಾರ್ಗದರ್ಶನಕ್ಕೆ ಕೂರುವ ಇತರರಿಗೆ ನಾನು ಕೊಡಬಹುದಾದ ಸಲಹೆ ಒಂದೇ: ಒಬ್ಬರು ಐದು ಜನಕ್ಕಿಂತ ಹೆಚ್ಚು ಮಂದಿಯನ್ನು ತೆಗೆದುಕೊಳ್ಳಬೇಡಿ. ಆರನೆಯವರು ಬಂದ ಕೂಡಲೇ ಕೈ ಕಟ್ಟಿ ಕೂರುವ ತಾಳ್ಮೆ ಹೋಗುತ್ತದೆ, ಕೀಲಿಮಣೆ ನಮ್ಮ ಕೈಗೆ ಬರುತ್ತದೆ. ಈಗ ಕಲಿಸಲು ನಾವು ಮೂವರಿದ್ದೇವೆ, ಟೆಸ್ಟಿಂಗ್ ಕೆಲಸದ ಆ ಹುಡುಗಿಯೂ ಸೇರಿ.

ಸೆನ್ಸರಿನ ಹುಡುಗ ಈಗ ಕೈಗಾರಿಕಾ ಯಂತ್ರಗಳ ನಿಯಂತ್ರಣ ವ್ಯವಸ್ಥೆಯ ಕೆಲಸಕ್ಕೆ ಸೇರಿದ್ದಾನೆ. ವಾರಕ್ಕೊಮ್ಮೆ ಊರಿಗೆ ಬಂದಾಗ ಹುಳು ಮನೆಯಲ್ಲಿ ತೇವಾಂಶವನ್ನೂ ತಿಳಿಸುವ ಹಳೆಯ ಒಣ-ಒದ್ದೆ ಬಲ್ಬಿನ ಥರ್ಮಾಮೀಟರಿನ ಅಂಕಿಗಳ ಪಕ್ಕದಲ್ಲಿ ತನ್ನ ಸೆನ್ಸರಿನ ಅಂಕಿಗಳನ್ನು ಬರೆಯುತ್ತಾನೆ. ಉಷ್ಣತೆ ಹೊಂದುತ್ತಿದೆ, ತೇವಾಂಶ ಹೊಂದುತ್ತಿಲ್ಲ. ಹುಳುವಿನ ತಟ್ಟೆಗೆ ಉದುರಿಸುವ ಸುಣ್ಣದ ಧೂಳು ಸೆನ್ಸರಿನೊಳಗೆ ಸೇರುತ್ತಿದೆ ಎಂಬುದು ಅವನ ಊಹೆ. ಮುಂದಿನ ಬೆಳೆಗೆ ಅದಕ್ಕೆ ತೆಳ್ಳನೆಯ ಬಟ್ಟೆ ಸುತ್ತಿ ನೋಡುವುದಾಗಿ ಹೇಳಿದ್ದಾನೆ.