ಊರಿಗೆ ಹೊರಡುವ ಮುನ್ನ ಕಾರು ಎಲ್ಲಿ ನಿಲ್ಲಿಸುತ್ತೀರಿ?

ಕ್ಯಾಲಿಫೋರ್ನಿಯಾದಲ್ಲಿ ರಸ್ತೆಯಿಂದ ಎತ್ತಿಸಿಕೊಂಡು ಹೋಗುವುದು ತುಕ್ಕು ಹಿಡಿದ ಗುಜರಿ ಗಾಡಿಗಳನ್ನು ಮಾತ್ರ ಅಂದುಕೊಳ್ಳಬೇಡಿ. ಮನೆ ಮುಂದೆ ನೀಟಾಗಿ ನಿಲ್ಲಿಸಿ ತಿಂಗಳ ರಜೆಗೆ ಬೆಂಗಳೂರಿಗೆ ಹೋದವರ ಕಾರಿಗೂ ಅದೇ ಗತಿ.

ಬಹಳಷ್ಟು ಊರುಗಳಲ್ಲಿ ರಸ್ತೆಬದಿ ಒಂದೇ ಕಡೆ 72 ಗಂಟೆ ಮೀರಿ ನಿಂತ ಗಾಡಿಯನ್ನು ಟೋ ಮಾಡಿಸಬಹುದು. ಸಾಮಾನ್ಯವಾಗಿ ಯಾರಾದರೂ ದೂರು ಕೊಟ್ಟ ಮೇಲೆ ಸಿಬ್ಬಂದಿ ಬಂದು ಟೈರಿಗೆ ಗುರುತು ಹಾಕಿ, ಗಾಜಿಗೆ ಚೀಟಿ ಅಂಟಿಸುತ್ತಾರೆ. ಆಮೇಲೆ ನಾಲ್ಕಡಿ ಮುಂದಕ್ಕೆ ಸರಿಸಿದರೆ ಸಾಲದು. ಕೆಲವು ಊರುಗಳಲ್ಲಿ ಮೈಲಿಯ ಹತ್ತನೇ ಒಂದು ಪಾಲು, ಅಂದರೆ 528 ಅಡಿಯಾದರೂ ಓಡಿಸಿರಬೇಕು. ರಿಜಿಸ್ಟ್ರೇಷನ್ ಮುಗಿದು ಆರು ತಿಂಗಳು ದಾಟಿದ್ದರೆ 72 ಗಂಟೆಯ ಲೆಕ್ಕವೂ ಇಲ್ಲ, ಹಾಗೇ ಎತ್ತುತ್ತಾರೆ. 'ಓಡಿಸುವುದಿಲ್ಲ' ಎಂದು ಡಿಎಂವಿಗೆ (ನಮ್ಮ ಆರ್‌ಟಿಒ ಥರದ ಇಲಾಖೆ) ಬರೆದುಕೊಟ್ಟ ಗಾಡಿಯನ್ನಂತೂ ರಸ್ತೆಯಲ್ಲಿ ನಿಲ್ಲಿಸುವಂತೆಯೇ ಇಲ್ಲ.

ಅಪಾರ್ಟ್‌ಮೆಂಟಿನ ಜಾಗಕ್ಕೆ ಬೇರೆ ನಿಯಮ: ರಾಜ್ಯದ ವಾಹನ ಕಾನೂನು, ಅಂದರೆ ವೆಹಿಕಲ್ ಕೋಡ್‌ನ ಸೆಕ್ಷನ್ 22658. ಪ್ರತಿ ಪ್ರವೇಶದಲ್ಲೂ ಕನಿಷ್ಠ 17 ಇಂಚಿಗೆ 22 ಇಂಚಿನ ಎಚ್ಚರಿಕೆ ಫಲಕ, ಅದರಲ್ಲಿ ಒಂದಿಂಚಿಗೆ ಕಡಿಮೆಯಿಲ್ಲದ ಅಕ್ಷರ, ಪೊಲೀಸರ ನಂಬರು, ಟೋ ಕಂಪನಿಯ ಹೆಸರು, ನಂಬರು ಇರಬೇಕು. ಫಲಕವಿಲ್ಲದಿದ್ದರೆ ಸಾಮಾನ್ಯವಾಗಿ ಗಾಡಿಗೆ ನೋಟಿಸ್ ಹಚ್ಚಿ 96 ಗಂಟೆ ಕಾಯಬೇಕು. ಇಂಜಿನ್ನೋ ಚಕ್ರವೋ ಇಲ್ಲದೆ ಓಡಲಾಗದ ಗಾಡಿಯಾದರೆ ಪೊಲೀಸರಿಗೆ ತಿಳಿಸಿ 24 ಗಂಟೆ ಕಾದರೆ ಸಾಕು. ಕೊಕ್ಕೆ ಹಾಕಿದ ಮೇಲೂ ಗಾಡಿ ಆವರಣ ದಾಟುವುದರೊಳಗೆ ನೀವು ಓಡಿಬಂದರೆ ಮಾಮೂಲಿ ಟೋ ಶುಲ್ಕದ ಅರ್ಧಕ್ಕಿಂತ ಹೆಚ್ಚು ಕೇಳುವಂತಿಲ್ಲ. ಡ್ರೈವರ್ ಜೊತೆ ಜಗಳಕ್ಕೆ ನಿಲ್ಲಬೇಡಿ, ಈ ನಿಯಮ ಹೇಳಿ.

ಗಾಡಿ ಕಾಣಿಸದಿದ್ದರೆ ಕಳುವಾಯಿತೆಂದು 911ಕ್ಕೆ ಮಾಡಬೇಡಿ. ಮೊದಲು ಪೊಲೀಸರ ತುರ್ತಲ್ಲದ ನಂಬರಿಗೆ ಕರೆ ಮಾಡಿ. ಖಾಸಗಿ ಜಾಗದಿಂದ ಎತ್ತಿದ್ದನ್ನೂ ಟೋ ಕಂಪನಿ ಅವರಿಗೆ ತಿಳಿಸಲೇಬೇಕು. ಎತ್ತಿದ ಗಾಡಿ ಇಡುವ ಯಾರ್ಡಿನ ಬಾಡಿಗೆ ದಿನದ ಲೆಕ್ಕದಲ್ಲಿ ಏರುತ್ತದೆ, ಬೇಗ ಬಿಡಿಸಿಕೊಳ್ಳಿ. ಪೊಲೀಸರು ಎತ್ತಿಸಿದ್ದರೆ, ನೋಟಿಸಿನ ಮೇಲಿರುವ ತಾರೀಖಿನಿಂದ 10 ದಿನದೊಳಗೆ ವಿಚಾರಣೆ ಕೇಳಬಹುದು.

ರಜೆಗೆ ಹೋಗುವವರು ಗ್ಯಾರೇಜಿನಲ್ಲೋ ಪರಿಚಯದವರ ಡ್ರೈವ್‌ವೇಯಲ್ಲೋ ಬಿಟ್ಟು, ಒಂದು ಕೀಲಿಯನ್ನು ಅವರಿಗೇ ಕೊಟ್ಟು ಹೋಗಿ.

ಪೂರ್ತಿ ವಾಪಸ್ ಹೊರಟವರು ಕಾರು ಮಾರಿದ ಐದು ದಿನದೊಳಗೆ ಡಿಎಂವಿಗೆ ಹೊಣೆ ಬಿಡುಗಡೆಯ ಫಾರಂ, ಆರ್‌ಇಜಿ 138, ಆನ್‌ಲೈನಿನಲ್ಲೇ ತುಂಬಿ. ಅದರಲ್ಲಿ ಕೊಂಡವರ ಹೆಸರು, ವಿಳಾಸ, ಓಡೋಮೀಟರ್ ಅಂಕಿ ಬೇಕು, ಕೀಲಿ ಕೈಬಿಡುವ ಮೊದಲೇ ಬರೆದುಕೊಳ್ಳಿ. ಟೈಟಲ್ಲಿಗೆ, ಅಂದರೆ ಕಾರಿನ ಒಡೆತನದ ಪತ್ರಕ್ಕೆ, ಸಹಿ ಹಾಕಿದ್ದಷ್ಟೇ ಸಾಕೆಂದು ಸುಮ್ಮನಾದರೆ, ಕೊಂಡವನು ಅದನ್ನು ಎಲ್ಲೋ ಬಿಟ್ಟುಹೋದಾಗ ಟೋ ಬಿಲ್ಲು ದಾಖಲೆಯಲ್ಲಿರುವ ನಿಮ್ಮ ಹೆಸರಿಗೇ ಬರುತ್ತದೆ.